ಕೊಸರಿಗೆ ಬಂದ ಬಾದಶಾಹಿ ಪಲ್ಲೆ

ಇಬ್ರಾಹಿಂಪುರದ ಮದೀನಾಬಿ ಇಪ್ಪತ್ತೆರಡು ವರ್ಷ ಸೊಪ್ಪು ಮಾರಿದಳು. ಅಷ್ಟು ವರ್ಷಗಳಲ್ಲಿ ಯಾರಿಗೂ ಕೊಳೆತ ಸೊಪ್ಪು ಕೊಡಲಿಲ್ಲ, ಯಾರಿಗೂ ಪೂರಾ ನಿಜವನ್ನೂ ಹೇಳಲಿಲ್ಲ. ಮೆಂತ್ಯದ ಸಿವುಡನ್ನು ಎತ್ತಿ ಹಿಡಿದು, "ಈಗ ಕಿತ್ತದ್ದರಿ, ಬೇರಿನ ಮಣ್ಣ ಇನ್ನಾ ಹಸಿ ಐತಿ ನೋಡ್ರಿ" ಎನ್ನುವಳು. ಮಣ್ಣು ಹಸಿಯಾಗಿರುತ್ತಿದ್ದದ್ದು ನಿಜವೇ. ರೈಲು ಹಳಿಯ ಪಕ್ಕದ ನಳದ ಕೆಳಗೆ ಹಿಡಿದು ಅದನ್ನು ಹಸಿ ಮಾಡಿದವಳು ತಾನೇ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಅದು ಸುಳ್ಳಲ್ಲ, ವ್ಯಾಪಾರ ಎಂದು ಗಂಡ ಚಮನಸಾಬನಿಗೆ ಆಗಾಗ ತಿಳಿಸಿ ಹೇಳುತ್ತಿದ್ದಳು. ಗೋಳಗುಮ್ಮಟದ ಮುಂದೆ ಟಾಂಗಾ ನಿಲ್ಲಿಸಿಕೊಂಡು, ತನ್ನ ಕುದುರೆಯ ಮುತ್ತಜ್ಜನ ಮುತ್ತಜ್ಜ ಬಾದಶಹರ ಲಾಯದಲ್ಲಿತ್ತೆಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದ ಚಮನಸಾಬನಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಗಲಿಲ್ಲ.

ವಾರಕ್ಕೆ ಮೂರು ದಿನ ಅವಳು ಮೊದಲ ಬಸ್ಸು ಹತ್ತಿ ಟಿಕೋಟಾಕ್ಕೆ ಹೋಗುವಳು. ಅಲ್ಲಿ ಶಂಕ್ರೆಪ್ಪನ ತೋಟದ ಬಾವಿಯ ನೀರಿಗೆ ಮೆಂತ್ಯ, ರಾಜಗಿರಿ, ಪುಂಡಿಪಲ್ಲೆ ಚೆನ್ನಾಗಿ ಬರುತ್ತಿದ್ದವು. ಒಂದು ಮೂಲೆಯಲ್ಲಿ ಗೆಣಸೂ ಇತ್ತು. ಗೆಣಸಿನ ಬಳ್ಳಿಯನ್ನು ಶಂಕ್ರೆಪ್ಪ ದನಕ್ಕೆ ಹಾಕಿ, ಉಳಿದದ್ದನ್ನು ಬದುವಿಗೆ ಬಿಸಾಕುತ್ತಿದ್ದ. ಮದೀನಾಬಿ ಅದರಲ್ಲೊಂದು ಹೊರೆ ಪುಕ್ಕಟೆಯಾಗಿ ತಂದು ತನ್ನ ಆಡಿಗೆ ಹಾಕುವಳು. ಆಡಿನ ಹೆಸರು ಬೇಗಂ. ಬೇಗಂ ಎಷ್ಟು ನುಣುಪಾಗಿತ್ತೆಂದರೆ ಓಣಿಯ ಹೆಂಗಸರು ಅದಕ್ಕೆ ಯಾವ ಎಣ್ಣೆ ಹಚ್ಚುತ್ತೀ ಎಂದು ಕೇಳುತ್ತಿದ್ದರು. ನಮ್ಮ ಜನರ ಬುದ್ಧಿಯೇ ಹೀಗೆ. ಆಡಿನ ಮೈ ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ, ಅದು ಏನು ತಿನ್ನುತ್ತದೆ ಎಂದು ಮಾತ್ರ ಕೇಳುವುದಿಲ್ಲ.

ಮದೀನಾಬಿಯ ಗಿರಾಕಿಗಳಲ್ಲೆಲ್ಲ ಗಟ್ಟಿಗಿತ್ತಿ ಕಾಳವ್ವ. ಗೋಳಗುಮ್ಮಟದ ಹಿಂದಿನ ಓಣಿಯ ವಿಧವೆ, ಐವತ್ತೈದರ ಹೆಂಗಸು. ಮಗ ಹಣಮಂತರಾಯ ಗುಮ್ಮಟದ ಬಾಗಿಲ ಬಳಿ ಚಿತ್ರದ ಕಾರ್ಡು, ಆಟಿಕೆ ಮಾರುವ ಅಂಗಡಿ ಇಟ್ಟಿದ್ದ. ತವರು ಯಾವುದೆಂದು ಯಾರಾದರೂ ಕೇಳಿದರೆ ಕಾಳವ್ವ "ಇಲ್ಲೇ ಹತ್ರ" ಎನ್ನುವಳು. ಮೂವತ್ತೈದು ವರ್ಷದಿಂದ ಅವಳ ತವರು "ಇಲ್ಲೇ ಹತ್ರ" ಇತ್ತು. ಆ ಊರಿಗೆ ಹೆಸರೇ ಇರಲಿಲ್ಲ. ಊರಿನ ಹೆಸರು ಹೇಳದಿದ್ದರೂ ಕೊಸರಿನ ಹೆಸರು ಹೇಳದೆ ಅವಳ ವ್ಯಾಪಾರ ಮುಗಿಯುತ್ತಿರಲಿಲ್ಲ.

ಕೊಸರು ಎಂದರೆ ಗೊತ್ತಲ್ಲ, ಕೊಂಡದ್ದರ ಮೇಲೆ ಹಕ್ಕಿನಿಂದ ಕೇಳಿ ಹಾಕಿಸಿಕೊಳ್ಳುವ ಒಂದು ಹಿಡಿ. ದುಡ್ಡು ಕೊಟ್ಟು ಕೊಂಡದ್ದು ಹೊಟ್ಟೆಗೆ, ಕೊಸರಿಗೆ ಬಂದದ್ದು ಮನಸ್ಸಿಗೆ. ಕಾಳವ್ವ ಒಂದು ಸಿವುಡು ರಾಜಗಿರಿ ಕೊಂಡು, ಎರಡು ಹಿಡಿ ಕೊಸರು ಕಿತ್ತುಕೊಂಡು, ಹೋಗುತ್ತ ಬುಟ್ಟಿಯ ಅಂಚಿನಲ್ಲಿದ್ದ ಕೊತ್ತಂಬರಿಯ ನಾಲ್ಕು ಕಡ್ಡಿಯನ್ನೂ ಎಳೆದುಕೊಳ್ಳುವಳು.

"ಅಕ್ಕಾರ, ಬುಟ್ಟಿನೂ ಒಯ್ರಿ, ನಾ ಬರಿ ಸಿಂಬಿ ಹೊತಗೊಂಡ ಮನಿಗಿ ಹೋಕ್ಕೇನಿ" ಎಂದು ಮದೀನಾಬಿ ಕೂಗಿದರೆ, "ಸಿಂಬಿ ಯಾಕ ಬಿಡ್ಲಿ, ನಾಳೆ ಅದನ್ನೂ ಒಯ್ತೇನಿ ತಗೋ" ಎಂದು ಕಾಳವ್ವ ಬಾಗಿಲು ಹಾಕಿಕೊಳ್ಳುವಳು.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಕಾಳವ್ವನ ಮನೆಗೆ ಬಬಲೇಶ್ವರದಿಂದ ಬಂದಿದ್ದ ಸೊಸೆ ಮುರಿಗೆವ್ವ ಮೊದಲ ಬಸುರಿಯಾದಳು. ಮೆತ್ತಗಿನ ಹುಡುಗಿ. ಮುಖದಲ್ಲಿ ರಕ್ತವಿಲ್ಲ. ಕಾಳವ್ವ ಅವಳನ್ನು ದೀಪ ಹಚ್ಚುವ ಹೊತ್ತಾಯಿತೆಂದರೆ ಹೊರಗೆ ಬಿಡುತ್ತಿರಲಿಲ್ಲ. "ಮುಂಜಾನೆ ಬೇಕಾದಷ್ಟ ತಿರಗ. ಸಂಜಿಯಾದ ಮ್ಯಾಲ ಹೊಸ್ತಿಲ ದಾಟಿದಿ ಅಂದ್ರ ನೋಡ ಮತ್ತ!" ಎಂದು ಅವಳು ಗದರುವುದು ಓಣಿಗೆಲ್ಲ ಕೇಳುತ್ತಿತ್ತು. ಮದೀನಾಬಿಗೆ ಇದನ್ನು ಕೇಳಿ ಮೈ ಉರಿಯುತ್ತಿತ್ತು. ಅತ್ತೆಗಿರಿ ಮಾಡುವುದಕ್ಕೂ ಒಂದು ಲೆಕ್ಕ ಬೇಡವೇ ಎಂದು ಬೇಗಂ ಮುಂದೆ ಬೈದುಕೊಳ್ಳುವಳು.

ಒಂದು ಸಂಜೆ ಟಿಕೋಟಾದ ಬಸ್ಸು ತಡವಾಗಿ, ಮದೀನಾಬಿ ಕತ್ತಲಾಗುವ ಹೊತ್ತಿಗೆ ಆ ಓಣಿಗೆ ಬಂದಳು. ಕಾಳವ್ವ ಗುಡಿಗೆ ಹೋಗಿದ್ದಳು. ಬಾಗಿಲಿಗೆ ಬಂದವಳು ಮುರಿಗೆವ್ವ. ಮದೀನಾಬಿ ಪುಂಡಿಪಲ್ಲೆಯ ಸಿವುಡನ್ನು ಮುಂದೆ ಹಿಡಿದಳು. ಹುಡುಗಿಯ ಕೈ ಸಿವುಡಿನ ಪಕ್ಕದಲ್ಲಿ ಹಾದು ಗಾಳಿಯನ್ನು ಹಿಡಿಯಿತು. ಇನ್ನೊಮ್ಮೆ ಹುಡುಕಿತು. ಮೂರನೆಯ ಸಲಕ್ಕೆ ಮದೀನಾಬಿಯ ಮೂಗಿಗೆ ತಾಗಿತು.

ಮದೀನಾಬಿ ನಗಲಿಲ್ಲ. ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಎಷ್ಟ ದಿವಸ ಆತವ್ವಾ, ಹಿಂಗ ಸಂಜಿ ಮುಂದ ಕಣ್ಣ ಕಾಣಲಾರದ್ದು?"

ಮುರಿಗೆವ್ವನ ಕಣ್ಣಲ್ಲಿ ನೀರು ಬಂತು. "ಒಂದ ತಿಂಗಳಾತು, ಚಿಗವ್ವಾ. ಹಗಲೆಲ್ಲಾ ಚಂದ ಕಾಣತೈತಿ. ಹೊತ್ತ ಮುಣುಗಿತಂದ್ರ ಎಲ್ಲಾ ಕರ್ರಗ. ನಮ್ಮತ್ತಿಗೆ ಹೇಳಬ್ಯಾಡ, ನಿನ್ನ ಕಾಲ ಬೀಳ್ತೇನಿ. ಕುರುಡಿ ಅಂತ ತವರಿಗೆ ಅಟ್ಟತಾರ. ಅಟ್ಟಿದರ ತಿರಗಿ ಕರೀತಾರೋ ಇಲ್ಲೋ."

ಮದೀನಾಬಿ ಆ ದಿನ ಸೀದಾ ಮನೆಗೆ ಬಂದಳು. ಬೇಗಂ ಮುಂದೆ ಬಳ್ಳಿಯ ಹೊರೆ ಹಾಕಿ ಅಲ್ಲೇ ಕುಳಿತಳು. ಅವಳ ಮೊದಲ ಬಸುರಿನಲ್ಲೂ ಇದೇ ಇರುಳುಗಣ್ಣು ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ನೀರು ತರಲು ಹೋಗಿ ಬಾವಿಯ ಮೆಟ್ಟಿಲು ತಪ್ಪಿ ಬಿದ್ದಿದ್ದಳು. ಮಗು ಉಳಿಯಲಿಲ್ಲ. ಎರಡನೆಯ ಬಸುರಿನಲ್ಲಿ ಕಣ್ಣು ಮತ್ತೆ ಮಂಜಾದಾಗ ದವಾಖಾನೆಯಿಂದ ಮನೆಗೆ ಬಂದ ನರ್ಸಬಾಯಿಯ ಮುಂದೆ ಅತ್ತು ಹೇಳಿಕೊಂಡಳು. ಆ ನರ್ಸಬಾಯಿ, "ಹಸರ ತಪ್ಪಲ ತಿನ್ನ, ದಿನಾ ತಿನ್ನ" ಎಂದಿದ್ದಳು. ಮಾರುವ ಸೊಪ್ಪನ್ನು ಮನೆಯಲ್ಲಿ ತಿನ್ನುವಷ್ಟು ಅನುಕೂಲ ಆಗ ಇರಲಿಲ್ಲ. ಆಡಿನ ಮುಂದಿದ್ದ ಗೆಣಸಿನ ಎಲೆ ತೋರಿಸಿ "ಇದಾದೀತೇನ್ರಿ?" ಎಂದು ಕೇಳಿದಾಗ ನರ್ಸಬಾಯಿ ಎಲೆಯನ್ನು ತಿರುವಿ ನೋಡಿ ನಕ್ಕಿದ್ದಳು.

"ಆಡಿಗೆ ನಿನಗಿಂತ ಹೆಚ್ಚ ತಿಳೀತೈತಿ ನೋಡ. ಇದರಾಗ ಕಣ್ಣಿಗೆ ಬೇಕಾದ ಜೀವಸತ್ವ ಐತಿ, ರಕ್ತಕ್ಕ ಕಬ್ಬಿಣ ಐತಿ, ಹೊಟ್ಟಿ ಹಗೂರ ಮಾಡೋ ನಾರ ಐತಿ. ಎಳೀ ಕುಡಿ ತಗೋ. ಬೇಯಿಸಿದ ನೀರ ಚೆಲ್ಲಬ್ಯಾಡ. ಒಗ್ಗರಣಿಗೆ ಎಣ್ಣಿ ಹಾಕಾಕ ಜಿಪುಣತನ ಮಾಡಬ್ಯಾಡ, ಎಣ್ಣಿ ಇಲ್ಲಂದ್ರ ಆ ಜೀವಸತ್ವ ಮೈಗೆ ಹತ್ತಂಗಿಲ್ಲ."

ಒಂದು ತಿಂಗಳು ಬೇಗಂನ ಅಜ್ಜಿಯ ಜೊತೆ ಮೇವು ಹಂಚಿಕೊಂಡು ತಿಂದಿದ್ದಳು ಮದೀನಾಬಿ. ಕಣ್ಣು ತಿರುಗಿ ಬಂತು. ಹುಟ್ಟಿದ ಮಗ ಅಲ್ಲಾಉದ್ದೀನ ಈಗ ಸೊಲ್ಲಾಪುರದ ಗಿರಣಿಯಲ್ಲಿ ಇದ್ದಾನೆ, ಕುಸ್ತಿ ಹಿಡಿಯುತ್ತಾನೆ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಕಟ್ಟಿದವನು ಯಾರೋ, ಸಿಕ್ಕಿದ್ದರೆ ಮದೀನಾಬಿ ಅವನ ಬಾಯಿಗೆ ಗೆಣಸಿನ ಬಳ್ಳಿ ತುರುಕುತ್ತಿದ್ದಳು.

ಆದರೆ ಕಾಳವ್ವನ ಮನೆಯಲ್ಲಿ ಗೆಣಸಿನ ಎಲೆ ಬೇಯುವುದು ಹೇಗೆ? ಗೆಡ್ಡೆಯನ್ನಾದರೆ ಉಪವಾಸಕ್ಕೆ ಬೆಲ್ಲ ಹಾಕಿ ತಿನ್ನುತ್ತಾರೆ, ದೇವರಿಗೂ ಎಡೆ ಹಿಡಿಯುತ್ತಾರೆ. ಎಲೆಯ ಮಾತೆತ್ತಿದರೆ ಆಡಿನ ಮೇವು ಎಂದು ಮೂಗು ಮುರಿಯುತ್ತಾರೆ. "ನಿಮ್ಮ ಸೊಸಿಗೆ ಗೆಣಸಿನ ತಪ್ಪಲ ತಿನಿಸ್ರಿ" ಎಂದರೆ ಕಾಳವ್ವ ಬುಟ್ಟಿಯನ್ನು ಬೀದಿಗೆ ಒದೆಯುವಳು. ಯಾಕೆ ಎಂದು ಕೇಳಿದರೆ ಹುಡುಗಿಯ ಗುಟ್ಟು ಹೊರಬೀಳುವುದು. ಎರಡು ದಿನ ಯೋಚಿಸಿ ಮದೀನಾಬಿ ಒಂದು ನಿರ್ಧಾರಕ್ಕೆ ಬಂದಳು. ದುಡ್ಡಿಗೆ ಕೊಟ್ಟರೆ ಬೇಡ ಎನ್ನುವುದನ್ನು ಕೊಡುವುದಿಲ್ಲ ಎಂದರೆ ಬೇಕು ಎನ್ನುತ್ತಾಳೆ ಕಾಳವ್ವ. ಅವಳ ಕೊಸರಿನ ಚಟಕ್ಕೆ ಕಡೆಗೂ ಒಂದು ಉಪಯೋಗ ಸಿಕ್ಕಿತು.

ಮರುದಿನ ಗೆಣಸಿನ ಎಳೆಯ ಕುಡಿಗಳನ್ನಷ್ಟೇ ಆರಿಸಿ, ಬಾಳೆಯ ನಾರಿನಿಂದ ಚೆಂದಗೆ ಸಿವುಡು ಕಟ್ಟಿ, ಬುಟ್ಟಿಯ ತಳದಲ್ಲಿ ಒದ್ದೆ ಗೋಣಿಯ ಕೆಳಗೆ ಇಟ್ಟಳು. ಕಾಳವ್ವ ರಾಜಗಿರಿ ಕೊಂಡು ಕೊಸರಿಗೆ ಕೈ ಚಾಚಿದಾಗ ಗೋಣಿಯನ್ನು ಬೇಕೆಂದೇ ಸ್ವಲ್ಪ ಸರಿಸಿ, ತಟ್ಟನೆ ಮುಚ್ಚಿದಳು.

"ಏನದು, ಮುಚ್ಚಿಟ್ಟಿ?" ಕಾಳವ್ವನ ಕಣ್ಣು ಕಿರಿದಾಯಿತು.

"ಏನಿಲ್ಲರಿ ಅಕ್ಕಾರ. ಅದು ನಿಮ್ಮಂಥಾವರಿಗಲ್ಲ."

"ನನ್ನಂಥಾವರಿಗಲ್ಲ?" ಕಾಳವ್ವ ಸೆರಗು ಸಿಕ್ಕಿಸಿಕೊಂಡು ಬುಟ್ಟಿಯ ಮುಂದೆ ಕುಳಿತೇಬಿಟ್ಟಳು.

"ವಕೀಲರ ಮನ್ಯಾಗಿನ ಸೊಸಿ ಬಸರದಾಳ. ಅವರ ಸಲುವಾಗಿ ತಂದೇನಿ. ಬಾದಶಾಹಿ ಪಲ್ಲೆರಿ ಅದು. ಹಿಂದಕ ಬಾದಶಹರ ಬೇಗಮರು ಬಸರಾದ್ರ ಇದನ್ನ ತಿಂತಿದ್ರಂತ." ವಿಜಾಪುರದಲ್ಲಿ ಇದೊಂದು ಅನುಕೂಲವಿದೆ. ಬಿದ್ದ ಗೋಡೆಗೂ ಕೆಟ್ಟ ಬಾವಿಗೂ ಬಾದಶಹರ ಹೆಸರು ಹಚ್ಚಿದರೆ ಯಾರೂ ದಾಖಲೆ ಕೇಳುವುದಿಲ್ಲ. ಮದೀನಾಬಿಯ ಮನೆಯಲ್ಲಿ ಬೇಗಂ ಅದನ್ನು ತಿನ್ನುತ್ತಿದ್ದದ್ದು ನಿಜವೇ ಆದ್ದರಿಂದ ಅವಳಿಗೆ ಸುಳ್ಳು ಹೇಳಿದಂತೆಯೂ ಅನ್ನಿಸಲಿಲ್ಲ.

ಕಾಳವ್ವ ಗೋಣಿ ಎತ್ತಿದಳು. ಸಿವುಡನ್ನು ತೆಗೆದು ಒಂದು ಎಲೆ ಮುರಿದು ಮೂಸಿದಳು. ಬಹಳ ಹೊತ್ತು ನೋಡಿದಳು.

"ವಕೀಲರ ಸೊಸಿಗೆ ಒಂದ, ನಮ್ಮ ಸೊಸಿಗೆ ಒಂದ ನ್ಯಾಯ ಏನ? ಇದು ಕೊಸರಿಗೆ ನನಗ" ಎಂದು ಕಾಳವ್ವ ಸಿವುಡನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

"ತೋಬಾ ತೋಬಾ! ವಕೀಲರಿಗೆ ಏನ ಹೇಳ್ಲಿ?" ಮದೀನಾಬಿ ಹಣೆ ಬಡಿದುಕೊಂಡಳು. ಹೊಟ್ಟೆಯೊಳಗೆ ನಗು ಒದ್ದಾಡುತ್ತಿತ್ತು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಮುಷ್ಟಿ ತೊಗರಿಬೇಳೆ, ಶೇಂಗಾಪುಡಿ ಹಾಕಬೇಕೆಂದೂ, ಎಣ್ಣೆಯ ಒಗ್ಗರಣೆ ಧಾರಾಳವಿರಬೇಕೆಂದೂ, ಬೇಯಿಸಿದ ನೀರು ಚೆಲ್ಲಿದರೆ ಬಾದಶಹರ ಶಾಪ ತಟ್ಟುತ್ತದೆಂದೂ ಹೇಳಿದಳು. ಆಮೇಲೆ ಹುಡುಗಿಯ ಪಾಲು ಕಾಳವ್ವನ ತಟ್ಟೆಗೆ ಹೋದೀತೆಂಬ ಭಯ ಬಂದು ದನಿ ತಗ್ಗಿಸಿದಳು.

"ಒಂದ ಮಾತ ಅಕ್ಕಾರ. ಇದನ್ನ ಬಸರಿದ್ದಾಕಿನ ತಿನ್ನಬೇಕು. ಅತ್ತೇರು ಎರಡ ತುತ್ತಿಗಿಂತ ಹೆಚ್ಚ ತಿಂದ್ರ, ಅವರಿಗೇ ಬಯಕಿ ಸುರು ಆಗ್ತಾವಂತ."

"ಹಾಟ್ಯಾಕಿ!" ಎಂದು ಬೈದು ಕಾಳವ್ವ ಅತ್ತಿತ್ತ ನೋಡಿ ಎದ್ದಳು. ಈ ವಯಸ್ಸಿನಲ್ಲಿ, ಅದೂ ಗಂಡನಿಲ್ಲದವಳಿಗೆ, ಹುಳಿ ಮಾವಿನಕಾಯಿ ಬೇಕೆನಿಸಿದರೆ ಓಣಿ ಏನೆಂದೀತು?

ಹೀಗೆ ಶುರುವಾಯಿತು. ವಾರಕ್ಕೆ ಮೂರು ಸಲ ಮದೀನಾಬಿ ಮುಚ್ಚಿಡುವಳು, ಕಾಳವ್ವ ಕಿತ್ತುಕೊಳ್ಳುವಳು, ಇಬ್ಬರೂ ಓಣಿ ಕೇಳುವಂತೆ ಜಗಳಾಡುವರು. ತನ್ನ ಪಾಲಿನ ಎಳೆಯ ಕುಡಿ ಕಡಿಮೆಯಾದದ್ದಕ್ಕೆ ಬೇಗಂ ಮುನಿಸಿಕೊಂಡು ಚಮನಸಾಬನ ರುಮಾಲನ್ನು ತಿಂದಿತು. ಕೆಲವು ದಿನಗಳ ಮೇಲೆ ಕಾಳವ್ವ ಬಾಗಿಲಲ್ಲಿ ಮದೀನಾಬಿಯನ್ನು ಹತ್ತಿರ ಕರೆದು, "ನಾನೂ ಎರಡ ತುತ್ತ ತಿಂದೆ ಬೇ. ಎಷ್ಟೋ ವರ್ಷದ ತ್ರಾಸ ಇತ್ತ ನೋಡ, ಮುಂಜಾನೆ ಹೋಗಿ ಕುಂತರ ಎದ್ದೇಳಾಕ ಹೊತ್ತ ಏರತಿತ್ತು. ಈಗ ಹಗೂರ" ಎಂದು ಪಿಸುಗುಟ್ಟಿದಳು. ಎರಡು ತುತ್ತಿಗೆ ಅಷ್ಟು ಗುಣ ಬರುವುದಿಲ್ಲ, ಎರಡು ತಟ್ಟೆಯಾದರೂ ಹೋಗಿರಬೇಕು ಎಂದು ಮದೀನಾಬಿ ಅಂದಾಜು ಮಾಡಿ, ಮರುದಿನದಿಂದ ಸಿವುಡನ್ನು ದಪ್ಪ ಕಟ್ಟಿದಳು.

ಮುರಿಗೆವ್ವನ ಕೆನ್ನೆಗೆ ಬಣ್ಣ ಬಂತು. ಒಂದು ತಿಂಗಳು ಕಳೆದ ಮೇಲೆ ಒಂದು ಸಂಜೆ ಕಿಟಕಿಯಿಂದಲೇ, "ಚಿಗವ್ವಾ, ನಿನ್ನ ಮೂಗ ಕಾಣಾಕತ್ತೈತಿ!" ಎಂದು ಕೂಗಿದಳು. ಮದೀನಾಬಿ ಆ ಸಂಜೆ ಬುಟ್ಟಿಯಲ್ಲಿ ಉಳಿದ ಸೊಪ್ಪನ್ನೆಲ್ಲ ಓಣಿಯವರಿಗೆ ಸುಮ್ಮನೆ ಹಂಚಿ, ಹಾಡು ಗುನುಗುತ್ತ ಮನೆಗೆ ಹೋದಳು. ಅಷ್ಟು ಖುಷಿಯಾಗಿತ್ತು ಅವಳಿಗೆ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಮದೀನಾಬಿಯ ಸುಳ್ಳಿಗೆ ಹಣಮಂತರಾಯನ ಕಾಲು ಬಂದವು. ತಾಯಿ ತರುವ ಸೊಪ್ಪಿನ ಹೆಸರು ಕೇಳಿದ್ದೇ ತಡ, ಅವನು ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳತೊಡಗಿದ. ಏಳನೆಯ ತಿಂಗಳಿಗೆ ಮುರಿಗೆವ್ವನ ಕುಬಸ ಬಂತು. ಬಬಲೇಶ್ವರದಿಂದ ತವರಿನವರು ಸೀರೆ ಕುಬಸ ತಂದು ಬಸುರಿಗೆ ಉಡಿ ತುಂಬುವ ದಿನ. ಹಣಮಂತರಾಯ ಮದೀನಾಬಿಯ ಬುಟ್ಟಿಯ ಮುಂದೆ ನಿಂತು, "ಬೀಗರು ಬರ್ತಾರ. ಅವರಿಗೆ ಬಾದಶಾಹಿ ಪಲ್ಲೆನ ಆಗಬೇಕು. ಒಂದ ಬುಟ್ಟಿ ತುಂಬ ತಗೊಂಡ ಬಾ. ಈ ಸಲ ಕೊಸರಲ್ಲ, ರೊಕ್ಕಾ ಕೊಡ್ತೇನಿ" ಎಂದ.

ಮದೀನಾಬಿ ಏನಾದರೊಂದು ನೆವ ಹುಡುಕಿದಳು. ಅವಳಿಗಿಂತ ಮೊದಲು ಕಾಳವ್ವನೇ ಬಾಯಿ ಹಾಕಿದಳು. "ಬ್ಯಾಡ ಬ್ಯಾಡ! ಹೋಳಿಗಿ ಮಾಡಾಕತ್ತೇವಲ್ಲ, ಬದನಿಕಾಯಿ ಐತಿ, ಸಾಕ."

"ಯವ್ವಾ, ನೀ ಸುಮ್ಮನಿರ. ಹೋಳಿಗಿ ಎಲ್ಲಾರ ಮನ್ಯಾಗೂ ಇರತೈತಿ" ಎಂದು ಮಗ ಹಟ ಹಿಡಿದ. ಬೇಡ ಎಂಬ ಶಬ್ದವನ್ನು ಕಾಳವ್ವನ ಬಾಯಲ್ಲಿ ಮದೀನಾಬಿ ಮೊದಲ ಸಲ ಕೇಳಿದ್ದಳು. ಯಾಕೆ ಹೀಗೆ ಎಂದು ಅನ್ನಿಸಿತು. ಆದರೆ ತನ್ನ ಭಯವೇ ಅವಳಿಗೆ ಹೆಚ್ಚಾಗಿತ್ತು.

ಕುಬಸದ ದಿನ ಬಬಲೇಶ್ವರದ ಬಸ್ಸು ಕೆಟ್ಟು, ಬೀಗರು ಬರುವುದು ತಡವಾಯಿತು. ಉಡಿ ತುಂಬಿ, ಹಾಡು ಮುಗಿದು, ಗಂಡಸರು ಅಂಗಳದಲ್ಲಿ ಉಣ್ಣಲು ಕುಳಿತಾಗ ಹೊತ್ತು ಮುಳುಗುತ್ತಿತ್ತು. ಅಂದು ಕರೆಂಟೂ ಇರಲಿಲ್ಲ. ಮುರಿಗೆವ್ವನ ತಂದೆ ಸಿದ್ದರಾಯ ದೊಡ್ಡ ಮೀಸೆಯ, ದೊಡ್ಡ ದನಿಯ ಒಕ್ಕಲಿಗ. ರೊಟ್ಟಿಗೆ ಪಲ್ಲೆ ಹಚ್ಚಿ ತಿಂದು, "ಏನ ರುಚಿ ಐತಿ ಅಂತೀನಿ! ಇನ್ನಷ್ಟ ತಗೊಂಡ ಬರ್ರಿ" ಎಂದು ಎರಡು ಸಲ ಹಾಕಿಸಿಕೊಂಡ. ಹಣಮಂತರಾಯ ಎದೆಯುಬ್ಬಿಸಿ ಬಾದಶಹರ ಅಡುಗೆಮನೆಯ ಕಥೆ ಹೇಳಿದ. ಅಂಗಳದ ಮೂಲೆಯಲ್ಲಿ ಕರೆಸಿಕೊಂಡ ಅತಿಥಿಯಾಗಿ ಕುಳಿತಿದ್ದ ಮದೀನಾಬಿ ಮನಸ್ಸಿನಲ್ಲೇ ಎಲ್ಲ ಪೀರರಿಗೂ ಸಕ್ಕರೆ ಹರಕೆ ಹೊತ್ತಳು. ಸಿದ್ದರಾಯ ಬಬಲೇಶ್ವರದಲ್ಲಿ ಬೆಳೆಯುತ್ತಿದ್ದದ್ದು ಏನೆಂದು ಅವಳಿಗೆ ಆಗತಾನೆ ಪಕ್ಕದ ಹೆಂಗಸು ಹೇಳಿದ್ದಳು. ಎರಡು ಎಕರೆ ಗೆಣಸು.

ಸಿದ್ದರಾಯ ಉಂಡು ತೇಗಿ, ಕೈ ತೊಳೆಯಲು ಹಿತ್ತಲಿಗೆ ಹೋದ. ಬಚ್ಚಲ ಪಕ್ಕದಲ್ಲಿ ಸೋಸಿ ಬಿಸಾಕಿದ ಬಲಿತ ಬಳ್ಳಿಯ ರಾಶಿ ಬಿದ್ದಿತ್ತು. ಎಂಜಲು ಕೈಯಲ್ಲೇ ಒಂದು ಬಳ್ಳಿ ಎತ್ತಿ ಮುರಿದ. ಮುರಿದಲ್ಲಿ ಬೆಳ್ಳಗೆ ಹಾಲು ಒಸರಿತು. ಅವನು ಅದನ್ನು ಹಿಡಿದುಕೊಂಡೇ ಅಂಗಳಕ್ಕೆ ಬಂದ.

"ಇದೇನ್ರಿ, ಬೀಗತೇರ?"

ಅವನು ಬಳ್ಳಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಬಾದಶಾಹಿ ಅಂತ! ಇದು ಗೆಣಸಿನ ಬಳ್ಳಿ! ನಾ ಇದನ್ನ ಹೊಲದಾಗ ಕೊಯ್ದ ಆಡಿಗೆ ಹಾಕ್ತೇನಿ. ಬೀಗರನ್ನ ಕರದ ಆಡಿನ ಮೇವ ಉಣಿಸಿದ್ರಿ. ನನ್ನ ಮಗಳಿಗೂ ಇದನ್ನ ತಿನಿಸ್ಯಾರ. ಮುರಿಗೆವ್ವಾ, ಗಂಟ ಕಟ್ಟ. ಈಗಿಂದೀಗ ನಡಿ ಊರಿಗೆ. ಮತ್ತ ಈ ಮನಿ ಹೊಸ್ತಿಲ ತುಳಿಯೂದ ಬ್ಯಾಡ."

ಹಣಮಂತರಾಯ ಬೆವರುತ್ತ ಮದೀನಾಬಿಯ ಕಡೆ ತಿರುಗಿದ. ಎಲ್ಲರೂ ತಿರುಗಿದರು. ಒಳಬಾಗಿಲಲ್ಲಿ ಹಸಿರು ಸೀರೆ ಉಟ್ಟು ನಿಂತಿದ್ದ ಮುರಿಗೆವ್ವ ಚೌಕಟ್ಟನ್ನು ಹಿಡಿದುಕೊಂಡಳು. ತವರಿಗೆ ಅಟ್ಟುತ್ತಾರೆಂದು ಹೆದರಿದ್ದ ಹುಡುಗಿಯನ್ನು ಈಗ ತವರೇ ಎಳೆದೊಯ್ಯಲು ನಿಂತಿತ್ತು. ಇದೆಲ್ಲ ಆಗುತ್ತಿರುವುದು ತನ್ನ ನಾಲಿಗೆಯಿಂದ ಎಂದು ಮದೀನಾಬಿಗೆ ಅಳು ಬಂತು. ಅವಳು ಎದ್ದು ನಿಂತಳು.

"ಹೆಸರ ಸುಳ್ಳರಿ, ನಾ ಒಪ್ಪತೇನಿ. ಬಾದಶಹರೂ ಇಲ್ಲ, ವಕೀಲರೂ ಇಲ್ಲ. ಇದ್ದಾಕಿ ಬೇಗಂ ಒಬ್ಬಾಕಿ, ಆಕಿ ನಮ್ಮ ಆಡು. ಕಾಳವ್ವಕ್ಕಾರಿಗೆ ಏನೂ ಗೊತ್ತಿಲ್ಲ. ಬೈಯೂದಿದ್ರ ನನ್ನ ಬೈರಿ..."

"ಕುಂದ್ರ ಬೇ, ಮದೀನಾಬಿ" ಎಂದಳು ಕಾಳವ್ವ.

ಅವಳು ಅಡುಗೆಮನೆಯಿಂದ ಹೊರಗೆ ಬಂದಿದ್ದಳು, ಕೈಯಲ್ಲಿ ಸೌಟಿತ್ತು.

"ನನಗ ಗೊತ್ತಿಲ್ಲಂತ! ನಾ ಟಿಕೋಟಾದಾಕಿ. ನಮ್ಮಪ್ಪನ ತ್ವಾಟದಾಗ ಗೆಣಸಿನ ಬಳ್ಳಿ ಒಳಗ ಹೊಳ್ಳ್ಯಾಡಿ ಬೆಳದೇನಿ. ಎಲಿ ಮುರದ ಮೂಸಿದಾಗನ ಗೊತ್ತಾತ ನನಗ. ಅದಕ್ಕೂ ಎಂಟ ದಿವಸ ಮೊದಲ ನಿನ್ನ ಬುಟ್ಟ್ಯಾಗ ಆ ಬಳ್ಳಿ ನೋಡಿದ್ದೆ. ಹೆಂಗ ಕೇಳ್ಲಿ, ಹೆಂಗ ಕೇಳ್ಲಿ ಅಂತಿದ್ದೆ. ನೀನ ಮುಚ್ಚಿಟ್ಟಂಗ ಮಾಡಿದಿ, ನಾ ಕಸಗೊಂಡಂಗ ಮಾಡಿದೆ."

ಮದೀನಾಬಿ ದೊಪ್ಪನೆ ಕುಳಿತಳು. ತಾನು ಚಾಪೆಯ ಕೆಳಗೆ ತೂರಿದರೆ ಈ ಹೆಂಗಸು ರಂಗೋಲಿಯ ಕೆಳಗೆ ತೂರಿದ್ದಳು.

ಕಾಳವ್ವ ಬೀಗನ ಕಡೆ ತಿರುಗಿದಳು. ದನಿ ತಗ್ಗಿತ್ತು. "ಬೀಗರ, ನನ್ನ ಮೊದಲನೇ ಬಸುರಾಗ ನನಗ ಇರುಳಗಣ್ಣ ಬಂದಿತ್ತು. ನಮ್ಮತ್ತಿ ಕುರುಡಿ ಅಂತ ಟಿಕೋಟಾಕ್ಕ ಅಟ್ಟಿದ್ಲು. ನಮ್ಮವ್ವ ಇದ ತಪ್ಪಲ ತಿನಿಸಿ ತಿನಿಸಿ ಕಣ್ಣ ತರಿಸಿದ್ಲು. ತಿರಗಿ ಬಂದೆ. ಆದ್ರೂ ಅತ್ತಿ ಬಾಯಾಗ ಟಿಕೋಟಾದ ಕುರುಡಿ ಅನ್ನೋ ಹೆಸರ ಹೋಗಲಿಲ್ಲ. ಆಕಿ ಸಾಯೂತನಕ ಹತ್ತ ವರ್ಷ ಕೇಳೇನಿ. ಅದಕ್ಕ ಮಂದಿ ಮುಂದ ತವರಿನ ಹೆಸರನ ಎತ್ತಲಿಲ್ಲ. ನಿಮ್ಮ ಮಗಳಿಗೆ ಅದ ಬ್ಯಾನಿ ಬಂತು. ಆಕಿ ನನ್ನ ಮುಂದ ಮುಚ್ಚಿಟ್ಲು, ನಾ ಮಂದಿ ಮುಂದ ಮುಚ್ಚಿಟ್ಟೆ. ಸಂಜಿಯಾದ್ರ ಹೊರಗ ಬಿಡಲಿಲ್ಲ, ಬಿದ್ದಗಿದ್ದಾಳು ಅಂತ. ಅದು ನಮ್ಮ ಮನಿ ಗುಟ್ಟ. ನೀವ ಇವತ್ತ ಒದರಿ ಹೊರಗ ಹಾಕಿದ್ರಿ."

ಸಿದ್ದರಾಯನ ಕೈಯಲ್ಲಿದ್ದ ಬಳ್ಳಿ ಕೆಳಗಿಳಿಯಿತು. "ಕಣ್ಣ ಕಾಣ್ತಿದ್ದಿಲ್ಲ? ನನ್ನ ಮಗಳಿಗೆ?" ಅಷ್ಟು ದೊಡ್ಡ ದನಿ ಒಮ್ಮೆಲೇ ಸಣ್ಣದಾಯಿತು. "ಮುರಿಗೀ, ಈಗ? ಈಗ ಕಾಣತೈತೇನ ನಿನಗ?"

ಅಂಗಳದಲ್ಲಿ ಕತ್ತಲು ಇಳಿದಿತ್ತು. ಲಾಟೀನು ಇನ್ನೂ ಯಾರೂ ಹಚ್ಚಿರಲಿಲ್ಲ. ಮುರಿಗೆವ್ವ ಒಳಬಾಗಿಲಲ್ಲಿ, ಊರಿಗೆ ಹೊರಟು ನಿಂತಿದ್ದ ಸಿದ್ದರಾಯ ಬೀದಿಬಾಗಿಲ ಹತ್ತಿರ, ನಡುವೆ ಹದಿನೈದು ಮೊಳ ಅಂತರ. ಹುಡುಗಿ ತಂದೆಯನ್ನು ದಿಟ್ಟಿಸಿ ನೋಡಿದಳು.

"ಯಪ್ಪಾ" ಎಂದಳು ಮುರಿಗೆವ್ವ, "ನಿನ್ನ ಎಡಗಡೆ ಮೀಸಿಗೆ ಬಾದಶಾಹಿ ಪಲ್ಲೆ ಹತ್ತೈತಿ."

ಸಿದ್ದರಾಯ ಮೀಸೆ ಮುಟ್ಟಿಕೊಂಡ. ಎಡಗಡೆಯದೇ. ಒಂದು ಚೂರು ಎಲೆ ಬೆರಳಿಗೆ ಬಂತು. ಅದನ್ನು ನೋಡಿದ, ಮಗಳನ್ನು ನೋಡಿದ. ಮೊದಲು ನಕ್ಕವಳು ಕಾಳವ್ವ. ಆಮೇಲೆ ಅಂಗಳವೆಲ್ಲ ನಕ್ಕಿತು. ಸಿದ್ದರಾಯನೂ ನಗುತ್ತಲೇ ಇದ್ದ, ಆದರೆ ಕಣ್ಣಿಂದ ನೀರು ಸುರಿಯುತ್ತಿತ್ತು. ಅವನು ಆ ಎಲೆಯ ಚೂರನ್ನು ಬಾಯಿಗೆ ಹಾಕಿಕೊಂಡು, ಮತ್ತೆ ಹೋಗಿ ತನ್ನ ತಟ್ಟೆಯ ಮುಂದೆ ಕುಳಿತ.

ಬೀಗರು ಮಲಗಲು ಹೋದ ಮೇಲೆ ಮದೀನಾಬಿ ಕಾಳವ್ವನನ್ನು ಹಿತ್ತಲಲ್ಲಿ ಹಿಡಿದಳು. "ಎಲ್ಲಾ ಖರೆ ಅಕ್ಕಾರ. ಗೊತ್ತಿದ್ದ ಮ್ಯಾಲ ರೊಕ್ಕಾ ಕೊಟ್ಟ ಕೇಳಬೇಕಿತ್ತಿಲ್ಲ? ಎರಡ ತಿಂಗಳ ಪುಕ್ಕಟ ಒಯ್ದ್ರಿ!"

"ರೊಕ್ಕಾ ಕೊಟ್ಟ ಕೇಳಿದ್ರ ಓಣಿ ತುಂಬ ಯಾಕ, ಯಾರಿಗೆ ಅಂತಿದ್ರು. ಕೊಸರಿಗೆ ಬಂದದ್ದಕ್ಕ ಯಾರೂ ಹೆಸರ ಕೇಳಂಗಿಲ್ಲ ಬೇ" ಎಂದಳು ಕಾಳವ್ವ. ನಂತರ ದನಿ ತಗ್ಗಿಸಿ, "ಮತ್ತ ಆ ಬಯಕಿ ಮಾತ? ಅದೂ ಸುಳ್ಳ ಹೌದಲ್ಲ? ನನಗ ನಿನ್ನಿಯಿಂದ ಹುಣಚಿಕಾಯಿ ಬೇಕ ಅನಸಾಕತ್ತೈತಿ" ಎಂದಳು. ಮದೀನಾಬಿ ಸೆರಗು ಬಾಯಿಗೆ ತುರುಕಿಕೊಂಡಳು.

ಎರಡು ದಿನ ಬಿಟ್ಟು ಮದೀನಾಬಿ ಎಂದಿನಂತೆ ಆ ಓಣಿಗೆ ಬಂದಳು. ಮುಂಜಾನೆಯ ಹೊತ್ತು, ನಳದ ಮುಂದೆ ಹತ್ತು ಕೊಡ, ಹದಿನೈದು ಹೆಂಗಸರು. ಕಾಳವ್ವ ಬಾಗಿಲು ತೆರೆದು ಬೀದಿಯ ನಡುವೆ ಬಂದು ನಿಂತಳು. ಮದೀನಾಬಿ ಅಭ್ಯಾಸದಂತೆ ಗೋಣಿ ಸರಿಸಿ ಮುಚ್ಚಲು ಹೋದಳು.

"ಮುಚ್ಚಬ್ಯಾಡ. ಗೆಣಸಿನ ತಪ್ಪಲ ಒಂದ ಸಿವುಡ ಕೊಡ" ಎಂದಳು ಕಾಳವ್ವ, ನಳದವರೆಗೂ ಕೇಳುವಂತೆ. ನಾಣ್ಯವನ್ನು ಮದೀನಾಬಿಯ ಅಂಗೈಗೆ ಇಟ್ಟಳು.

ನಳದ ಮುಂದಿನ ಕೊಡಗಳ ಸದ್ದು ನಿಂತಿತು. ಒಬ್ಬಳು ಸೊಂಟದ ಮೇಲೆ ಕೈಯಿಟ್ಟು, "ಕಾಳವ್ವಾ, ಆಡ ಯಾವಾಗ ಕಟ್ಟಿದಿ?" ಎಂದು ಕೇಳಿದಳು.

"ಆಡಲ್ಲ, ಸೊಸಿಗೆ. ಕಣ್ಣಿಗಿ ಛಲೋ, ರಕ್ತಕ್ಕ ಛಲೋ. ನೀ ಒಯ್ದ ತಿನ್ನ, ನಿನಗೂ ಮುಂಜಾನೆ ತ್ರಾಸ ಕಡಿಮಿ ಆದೀತು" ಎಂದಳು ಕಾಳವ್ವ. ಸಿವುಡನ್ನು ಎತ್ತಿ ಎಲ್ಲರಿಗೂ ತೋರಿಸಿದಳು. "ಟಿಕೋಟಾದ್ದು ಇದು. ನನ್ನ ತವರಿಂದು."

ಹಾಗೆಂದವಳು ಮದೀನಾಬಿಯ ಕಡೆ ತಿರುಗಿ ಸೆರಗು ಹಿಡಿದು ಒಡ್ಡಿದಳು.

"ಕೊಸರಿಗೆ ಮೆಂತೆ ಹಾಕ."